ಕಂಪ್ಯೂಟರಿಗೆ ರಾಗಿ ಅಳೆಯೋದು ಕಲಿಸಿದ್ದು

ಬೇರೆಯವರು ಕಂಪ್ಯೂಟರಿನ ಮುಂದೆ ಕೂತರೆ ಅದು ಸುಮ್ಮನೆ ಕೆಲಸ ಮಾಡುತ್ತೆ. ನಾನು ಕೂತರೆ ಏನಾದರೊಂದು ಆಗದೆ ಇರೋದಿಲ್ಲ. ನಮ್ಮ ಮೇಷ್ಟ್ರು ಇದಕ್ಕೆ ನನ್ನ ಅವಸರ ಕಾರಣ ಅನ್ನುತ್ತಿದ್ದರು. ಅದೆಲ್ಲ ಸುಳ್ಳು. ಮುದ್ದೆ ಮುರಿದು ಅಭ್ಯಾಸವಾದ ಕೈ ಬಿದ್ದರೆ ಯಾವ ಮಿಷನ್ನಾದರೂ ಸ್ವಲ್ಪ ಅಲ್ಲಾಡಲೇಬೇಕು.

ಇದು ತೊಂಬತ್ತೆಂಟರ ಮಾತು. ಪಾಂಡವಪುರದಲ್ಲಿ ಗೊಬ್ಬರದ ಅಂಗಡಿಯ ಮಹಡಿ ಮೇಲೆ ಒಂದು ಕಂಪ್ಯೂಟರ್ ಸೆಂಟರ್ ಶುರುವಾಗಿತ್ತು. ಹೊರಗೆ "ಇಂಟರ್‌ನೆಟ್ ಕೋರ್ಸು" ಅಂತ ದೊಡ್ಡ ಬೋರ್ಡು, ಒಳಗೆ ಇಂಟರ್‌ನೆಟ್ಟೇ ಇರಲಿಲ್ಲ. ಕೇಳಿದರೆ ಮೇಷ್ಟ್ರು, "ಜಾವಾಸ್ಕ್ರಿಪ್ಟ್ ಕಲಿಯೋಕೆ ಇಂಟರ್‌ನೆಟ್ ಬೇಕಿಲ್ಲ, ಬ್ರೌಸರ್ ಇದ್ರೆ ಸಾಕು" ಅನ್ನುತ್ತಿದ್ದರು. ಅವರು ಮೈಸೂರಿನವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಾಲ್ಕು ಕಂಪ್ಯೂಟರಿಗೆ ಹನ್ನೆರಡು ಜನ ನಾವು. ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನದ ಒಳಗೆ ಹೋದ ಹಾಗೆ ಹೋಗಬೇಕು.

ಮೊದಲನೇ ದಿನವೇ ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮನೇಲಿ ಏನು ಮಾಡ್ತಾರೆ?"

"ಬೇಸಾಯ ಸಾರ್."

"ಹಾಗಾದ್ರೆ ಟೈಪಿಂಗ್ ಬ್ಯಾಚಿಗೆ ಸೇರ್ಕೊಳಪ್ಪ. ಪ್ರೋಗ್ರಾಮಿಂಗ್ ನಿನ್ನ ಕೈಲಿ ಆಗಲ್ಲ."

"ಬರೆದು ಕೊಡಿ ಸಾರ್."

"ಏನನ್ನ?"

"ಆಗಲ್ಲ ಅಂತ. ಆದ ಮೇಲೆ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕ್ತೀನಿ."

ಹನ್ನೊಂದು ಜನ ಘೊಳ್ಳೆಂದರು. ಮೇಷ್ಟ್ರು ನಗಲಿಲ್ಲ. "ಬರೋ ತಿಂಗಳು ಕೊನೇ ಶನಿವಾರ ಸೆಂಟರಿನ ಮಾಲೀಕರು ಮೈಸೂರಿಂದ ಬರ್ತಾರೆ. ಅವರ ಎದುರಿಗೆ ನೀನೇ ಬರೆದ ಪ್ರೋಗ್ರಾಮ್ ಓಡಿಸಿ ತೋರಿಸು. ಓಡಿದ್ರೆ ಈ ಬ್ಯಾಚು, ಇಲ್ಲಾಂದ್ರೆ ಟೈಪಿಂಗು" ಅಂದರು.

ಅವತ್ತೇ ಸಾಯಂಕಾಲ ನಮ್ಮೂರಿನ ಟೀ ಅಂಗಡಿಯಲ್ಲಿ ನಿಂತು, ಮೈಸೂರಿನ ಮಾಲೀಕರು ನನ್ನ ಪ್ರೋಗ್ರಾಮ್ ನೋಡೋಕೆ ಅಂತಲೇ ಕಾರು ಮಾಡಿಕೊಂಡು ಬರ್ತಾವ್ರೆ ಅಂತ ಹೇಳಿಬಿಟ್ಟೆ. ಇನ್ನು ಟೈಪಿಂಗಿಗೆ ಹೋಗೋದು ಅಂದರೆ ಊರು ಬಿಟ್ಟು ಹೋಗೋದೇ.

ನಿಲ್ಲದ ನಮಸ್ಕಾರ

ಲೂಪು ಅಂದರೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದು. ಹತ್ತು ಸಾರಿ ನಮಸ್ಕಾರ ಹೇಳಿಸಿ ಅಂತ ಮೇಷ್ಟ್ರು ಅಭ್ಯಾಸ ಕೊಟ್ಟರು. ಎಲ್ಲರಿಗಿಂತ ಮೊದಲು ಬರೆದು ಮುಗಿಸಿದವನು ನಾನೇ. ಒಂದು ಸಾರಿ ಹೇಳಿದ ಮೇಲೆ ಲೆಕ್ಕವನ್ನು ಒಂದು ಹೆಚ್ಚು ಮಾಡು ಅನ್ನೋ ಸಾಲು ಬಿಟ್ಟು ಹೋಗಿತ್ತು, ಅಷ್ಟೆ.

ಪರದೆ ಮೇಲೆ ಚೌಕಾಕಾರದ ಪೆಟ್ಟಿಗೆಯೊಂದು ಬಂದು ನಮಸ್ಕಾರ ಅಂತು. ಓಕೆ ಒತ್ತಿದೆ. ಮತ್ತೆ ನಮಸ್ಕಾರ. ಓಕೆ. ನಮಸ್ಕಾರ. ಇಪ್ಪತ್ತು ದಾಟಿತು, ಐವತ್ತು ದಾಟಿತು, ಪೆಟ್ಟಿಗೆ ಹೋಗಲೊಲ್ಲದು, ಬ್ರೌಸರ್ ಮುಚ್ಚಲೊಲ್ಲದು. ಮೇಷ್ಟ್ರನ್ನು ಕರೆಯಬಹುದಿತ್ತು. ಕರೆದರೆ ಟೈಪಿಂಗು. ನೋಡೇ ಬಿಡೋಣ, ಯಾರಿಗೆ ಮೊದಲು ಸುಸ್ತಾಗುತ್ತೋ ಅಂತ ಒತ್ತುತ್ತಲೇ ಹೋದೆ.

ಪಕ್ಕದಲ್ಲಿದ್ದವನು ನಾಲೆ ಮೇಲೆ ನಮಗಿಂತ ಕೆಳಗಿನ ಊರಿನವನು. "ಏನ್ಲಾ ಇದು?" ಅಂದ.

"ಬೆಳ್ಳು ನೋಯ್ತಾ ಐತೆ. ಒಸಿ ನೀನು ಒತ್ತಲಾ."

ಅವನು ಒಂದಿಷ್ಟು ಒತ್ತಿದ. ಆಮೇಲೆ ಅವನ ಪಕ್ಕದ ನಾಗಮಂಗಲದವನು. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡೋರು ಸರದಿ ಬದಲಾಯಿಸಿಕೊಂಡ ಹಾಗೆ ಮೂವರೂ ಸರದಿ ಮೇಲೆ ಮುಕ್ಕಾಲು ಗಂಟೆ ಒತ್ತಿದೆವು. ಮೇಷ್ಟ್ರು ಬಂದು ಹಿಂದೆ ನಿಂತರು.

"ಹತ್ತು ಸಾರಿ ಅಂದಿದ್ದೆ. ಇದು ಎಷ್ಟನೇದು?"

"ಜಾಸ್ತಿ ಅಭ್ಯಾಸ ಮಾಡ್ತಾ ಇದೀನಿ ಸಾರ್."

ಅವರು ಬಾಯಿ ತೆರೆಯೋ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ನಾನು ಎದ್ದು ಬೆರಳು ನೆಟಿಗೆ ಮುರಿದು ಹೇಳಿದೆ: "ನೋಡಿದ್ರಾ ಸಾರ್, ಸುಸ್ತಾಗಿದ್ದು ಅದಕ್ಕೆ."

ಮೂರನೇ ಡಬ್ಬ

ಮನೆಯಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ನಾನು ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಜಾವಾಸ್ಕ್ರಿಪ್ಟಿನಲ್ಲಿ ವೇರಿಯಬಲ್ ಅಂತ ಒಂದಿದೆ. ಅದು ಹೆಸರಿಟ್ಟ ಡಬ್ಬ. ಒಳಗೆ ಏನು ಬೇಕಾದರೂ ಹಾಕಬಹುದು. ಇದನ್ನು ಅವ್ವನಿಗೆ ವಿವರಿಸಿದೆ.

ಅವ್ವ ಗೋಡೆಯ ಗೂಡಿನ ಕಡೆ ಕೈ ತೋರಿಸಿತು. "ಬಿಸ್ಕತ್ ಡಬ್ಬದಲ್ಲಿ ಮೆಂತ್ಯ ಐತೆ, ಪೌಡರ್ ಡಬ್ಬದಲ್ಲಿ ಸಾಸ್ವೆ ಐತೆ. ಇದ್ನ ಕಲಿಯಾಕೆ ನೀನು ಬಸ್ ಅತ್ಕಂಡ್ ಓಯ್ತಿಯೇನ್ಲಾ?"

ನಾನು ಬಿಡುವವನಲ್ಲ. ಎರಡು ಡಬ್ಬದಲ್ಲಿ ಇರೋದನ್ನ ಅದಲು ಬದಲು ಮಾಡಬೇಕಾದರೆ ಮೂರನೇದೊಂದು ಖಾಲಿ ಡಬ್ಬ ಬೇಕು. ಕ್ಲಾಸಿನಲ್ಲಿ ಇದು ಅರ್ಧ ಜನಕ್ಕೆ ತಲೆಗೆ ಹೋಗಿರಲಿಲ್ಲ. ಕಾಫಿಪುಡಿ ಡಬ್ಬ ತಗೊಂಡೆ, ಸಾರಿನ ಪುಡಿ ಡಬ್ಬ ತಗೊಂಡೆ, ಒಂದು ಖಾಲಿ ಡಬ್ಬ ಇಟ್ಟುಕೊಂಡೆ. ಒಂದು ಚಿಟಿಕೆ ಕೆಳಗೆ ಬೀಳದ ಹಾಗೆ ಅದರದ್ದು ಇದಕ್ಕೆ, ಇದರದ್ದು ಅದಕ್ಕೆ. ಚೀಟಿಗಳನ್ನೂ ಬದಲಾಯಿಸಿ ಅಂಟಿಸಿದೆ. ಒಂದು ತಪ್ಪಿಲ್ಲ. ಅಭಿಮಾನದಿಂದ ಹೋಗಿ ಮಲಗಿದೆ.

ಅವ್ವ ಯಾವತ್ತಾದರೂ ಚೀಟಿ ಓದಿದ್ದುಂಟೇ? ಅವ್ವನಿಗೆ ಡಬ್ಬದ ನೆಗ್ಗು ಗೊತ್ತು, ಮುಚ್ಚಳ ಗೊತ್ತು. ಸಾಲದ್ದಕ್ಕೆ ಅವತ್ತು ನೆಗಡಿ ಬೇರೆ. ಬೆಳಿಗ್ಗೆ ಅಪ್ಪ ಜಗಲಿ ಮೇಲೆ ಕೂತು ಲೋಟ ಎತ್ತಿ ಒಂದು ಗುಟುಕು ಕುಡಿಯಿತು. ಕಣ್ಣಲ್ಲಿ ನೀರು ಬಂತು. ಎರಡನೇ ಗುಟುಕು ಕುಡಿದು ನನ್ನ ಕಡೆ ತಿರುಗಿತು.

"ಲೇ, ಇವತ್ತು ಕಾಪಿಗೆ ಒಗ್ಗರಣೆ ಯಾರ್ಲಾ ಆಕಿದ್ದು?"

"ಪ್ರೋಗ್ರಾಮು ಸರಿಯಾಗೇ ಐತೆ ಅಪ್ಪ," ಅಂದೆ, "ಬಳಸೋರಿಗೆ ಹೇಳೋದು ಮರೆತೆ."

ಅಪ್ಪ ಲೋಟವನ್ನು ನನ್ನ ಕೈಗೆ ಕೊಟ್ಟಿತು. "ಅಂಗಾದ್ರೆ ಪೂರಾ ನೀನೇ ಬಳ್ಸು."

ನಾಲೆ ನೀರಿನ ಗಲಾಟೆ

ಮೇಷ್ಟ್ರು ಇಫ್ ಅನ್ನೋದನ್ನ ಹೇಳಿಕೊಟ್ಟರು. ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು. ಉಳಿದವರೆಲ್ಲ ಪಾಸು ಫೇಲು ಅಂತ ಏನೇನೋ ಬರೆದರು. ನಾನು ನಾಲೆ ನೀರಿನ ಸರದಿ ಬರೆದೆ. ಊರಿನ ಹೆಸರು ಟೈಪ್ ಮಾಡಬೇಕು. ನಮ್ಮೂರಾದರೆ ನಮ್ಮೂರಿಗೆ ನೀರು ಬಿಡು ಅನ್ನುತ್ತೆ, ಕೆಳಗಿನ ಊರಾದರೆ ಅವರಿಗೆ ಬಿಡು ಅನ್ನುತ್ತೆ. ತೂಬು ಎತ್ತಿ ನೀರು ಬಿಡೋ ನೀರುಗಂಟಿ ಮನೆಯಲ್ಲೇ ಮಲಗಿರಬಹುದು, ಅಂಥಾ ಪ್ರೋಗ್ರಾಮು.

ಕೆಳಗಿನ ಊರಿನವನನ್ನು ಕರೆದು, "ನಿಮ್ಮೂರ ಹೆಸರು ಒತ್ತಲಾ" ಅಂದೆ. ಒತ್ತಿದ. ನಮ್ಮೂರಿಗೆ ನೀರು ಬಿಡು ಅಂತ ಬಂತು. ಇನ್ನೊಂದು ಸಾರಿ ಒತ್ತಿದ. ನಮ್ಮೂರಿಗೇ. ಅವನ ಮುಖ ಕೆಂಪಗಾಯಿತು.

"ಅಲ್ಲೂ ನಿಮ್ಮೋರೇ ಮೇಲ್ಗಡೆ ಕಟ್ಟೆ ಕಟ್ಕಂಡು ತಿರುಗಿಸ್ಕತೀರ, ಇಲ್ಲೂ ನಿಮ್ಗೇಯೇನ್ಲಾ ನೀರು?"

"ಕಂಪ್ಯೂಟರ್ ಹೇಳ್ತಾ ಐತೆ. ನಾನಾ ಹೇಳ್ತಿರೋದು?"

"ನಿನ್ನಂಥೋನು ಬರೆದ್ರೆ ಅದು ಇನ್ನೇನ್ಲಾ ಹೇಳ್ತದೆ!" ಅಂತ ಕಾಲರ್ ಹಿಡಿದ. ನಾನೂ ಹಿಡಿದೆ. ಗೊಬ್ಬರದ ಅಂಗಡಿಯವನು ಕೆಳಗಿನಿಂದ ಓಡಿ ಬಂದ. ಮೇಷ್ಟ್ರು ನಮ್ಮಿಬ್ಬರನ್ನೂ ಬಿಡಿಸಿ ಪರದೆ ನೋಡಿದರು. ಎರಡೂ ಒಂದೇ ಏನು ಅಂತ ಕೇಳೋಕೆ ಸಮ ಚಿಹ್ನೆಯನ್ನು ಎರಡು ಸಾರಿ ಹಾಕಬೇಕು. ನಾನು ಒಂದೇ ಹಾಕಿದ್ದೆ. ಒಂದೇ ಹಾಕಿದರೆ ಅದು ಕೇಳೋದಿಲ್ಲ, ಯಾವ ಊರು ಕೊಟ್ಟರೂ ಅಳಿಸಿ ನಮ್ಮೂರನ್ನೇ ಬರೆದುಕೊಳ್ಳುತ್ತೆ.

"ನೋಡ್ರಪ್ಪ," ಅಂದರು ಮೇಷ್ಟ್ರು, "ಒಂದು ಚಿಹ್ನೆ ಉಳಿಸಿ ಇಡೀ ನಾಲೆ ನೀರು ಹೊಡ್ಕೊಂಡಿದಾನೆ. ಶನಿವಾರ ಮಾಲೀಕರ ಎದುರಿಗೂ ಹೀಗೇ ಮಾಡು, ಸೋಮವಾರ ಟೈಪಿಂಗ್ ರೂಮಲ್ಲಿ ಸಿಗೋಣ."

ಇಷ್ಟು ಹೊತ್ತೂ ಸುಮ್ಮನೆ ಕೂತಿದ್ದ ನಾಗಮಂಗಲದವನು ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ. "ನಿಮ್ದೇನೋ ಮೇಲೆ ಕೆಳಗೆ ಜಗಳ ಕಣ್ಲಾ. ನಮ್ಮೂರ್ಗೆ ನಾಲೇನೇ ಇಲ್ಲ. ಇನ್ನೊಂದು ಇಫ್ ಆಕಿ ನಮ್ಗೂ ಒಂದು ತೋಡ್ಕೊಟ್ಬುಡು."

ಲಾಭ, ಎರಡು, ಮೂರು

ಶನಿವಾರ ಬಂತು. ನನ್ನ ಪ್ರೋಗ್ರಾಮು ರಾಗಿ ಅಳೆಯೋದು. ಎಷ್ಟು ಕೊಳಗ ಅಂತ ಕೇಳುತ್ತೆ, ಸಂಖ್ಯೆ ಕೊಟ್ಟರೆ ಒಂದೊಂದೇ ಕೊಳಗ ಎಣಿಸಿ ಸಾಲಾಗಿ ಬರೆಯುತ್ತೆ. ಹಿಂದಿನ ದಿನ ಮೂರು ಸಾರಿ ಓಡಿಸಿ ನೋಡಿದ್ದೆ. ಲೂಪು ನಿಲ್ಲುತ್ತಿತ್ತು. ನಿಂತ ಖುಷಿಯಲ್ಲಿ ಬೇರೆ ಏನೂ ನೋಡಿರಲಿಲ್ಲ.

ಮಾಲೀಕರು ಕಾರಿನಲ್ಲೇ ಬಂದರು. ದೊಡ್ಡ ಮನುಷ್ಯರು, ಆದರೆ ಕಂಪ್ಯೂಟರ್ ಆನ್ ಮಾಡೋಕೂ ಮೇಷ್ಟ್ರೇ ಬೇಕು. ಅವರ ಹಿಂದೆಯೇ ಮೆಟ್ಟಿಲು ಹತ್ತಿಕೊಂಡು ನಮ್ಮಪ್ಪ ಬಂತು! ಟೀ ಅಂಗಡಿಯಲ್ಲಿ ನಾನು ಹೇಳಿದ್ದನ್ನ ನಂಬಿ, ಬಿಳಿ ಪಂಚೆ ಉಟ್ಟು, ಹೊಸ ಟವೆಲ್ ಹಾಕಿಕೊಂಡು ಬಂದುಬಿಟ್ಟಿತ್ತು. ಬಂದು ಗೋಡೆಗೆ ಒರಗಿ ನಿಂತಿತು.

ನನ್ನ ಸರದಿ. ಮಾಲೀಕರು ಹತ್ತು ಅಂತ ಒತ್ತಿದರು. ನಾನು ಎದೆಯುಬ್ಬಿಸಿ ಎಲ್ಲರಿಗೂ ಕೇಳೋ ಹಾಗೆ ಓದಿದೆ: "ಸೊನ್ನೆ ಕೊಳಗ, ಒಂದು ಕೊಳಗ, ಎರಡು ಕೊಳಗ..." ಒಂಬತ್ತಕ್ಕೆ ಬಂದು ನಿಂತಿತು.

"ಹತ್ತು ಕೊಟ್ಟೆನಲ್ಲಪ್ಪ," ಅಂದರು ಮಾಲೀಕರು.

ಮೇಷ್ಟ್ರಿಗೆ ನಗು ತಡೆಯೋಕೆ ಆಗಲಿಲ್ಲ. ನಾನು ಬಗ್ಗಲಿಲ್ಲ. "ಸಾಲು ಎಣಿಸಿ ಸಾರ್, ಹತ್ತು ಐತೆ. ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತೆ, ಅದು ಅದರ ಪದ್ಧತಿ" ಅಂದೆ.

ಹಿಂದಿನಿಂದ ಅಪ್ಪ ಗುಡುಗಿತು. "ಅದ್ರ ಪದ್ಧತಿ ಅದ್ರ ಮನೇಲಿರ್ಲಿ. ರಾಗಿ ಯಾರ್ದ್ಲಾ?"

ಎಲ್ಲರೂ ತಿರುಗಿದರು.

"ರಾಗಿ ನಮ್ದು ತಾನೆ? ಕಣದಲ್ಲಿ ಮೊದಲನೇ ಕೊಳಗಕ್ಕೆ ಏನಂತೀವ್ಲಾ? ಸೊನ್ನೆ ಅಂತ ಯಾವನಾದ್ರೂ ಅಂದವ್ನಾ? ಲಾಭ ಅಂತೀವಿ. ಲಾಭ ಆದ್ಮೇಲೆ ಎರಡು. ಅಲ್ಲಿಂದ ಹತ್ತು ಅಂದ್ರೆ ಹತ್ತೇ. ಇದು ಸೊನ್ನೆ ಅಂದು ಮತ್ತೆ ಒಂದು ಅಂತೈತೆ. ಅಳ್ದಿದ್ದು ಹತ್ತು, ಕೂಗಿದ್ದು ಒಂಬತ್ತು. ಎಲ್ಲರ ಎದುರಿಗೇ ಒಂದು ಕೊಳಗ ನುಂಗ್ತಾ ಐತೆ ಕಣ್ಲಾ ಈ ಮಿಷನ್ನು!"

ನನಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ. ತಲೆಯೊಳಗೆ ದೀಪ ಹತ್ತಿತು. "ಒಂದು ನಿಮಿಷ ಸಾರ್" ಅಂತ ಕುರ್ಚಿ ಎಳೆದು ಕೂತೆ. ಲೆಕ್ಕ ಸೊನ್ನೆಯಾಗಿದ್ದರೆ ಲಾಭ ಅಂತ ಬರಿ, ಇಲ್ಲದಿದ್ದರೆ ಲೆಕ್ಕಕ್ಕೆ ಒಂದು ಸೇರಿಸಿ ಬರಿ. ಸಮ ಚಿಹ್ನೆ ಎರಡು ಹಾಕಿದೆ, ಎರಡು ಸಾರಿ ನೋಡಿಕೊಂಡೆ. ನಮ್ಮ ಕೆಳಗಿನ ಊರಿನವನು ಕಾಲರ್ ಹಿಡಿದಿದ್ದು ಅವತ್ತು ಉಪಯೋಗಕ್ಕೆ ಬಂತು.

ಮಾಲೀಕರು ಮತ್ತೆ ಹತ್ತು ಒತ್ತಿದರು. ಲಾಭ, ಎರಡು, ಮೂರು ಅಂತ ಸಾಲು ಇಳಿಯಿತು. ಹತ್ತಕ್ಕೆ ಬಂದು ನಿಂತಿತು. ಅಪ್ಪ ಗೋಡೆ ಬಿಟ್ಟು ಬಂದು ಪರದೆಗೆ ಬೆರಳಿಟ್ಟು ಒಂದೊಂದೇ ಸಾಲು ಎಣಿಸಿ, "ಈಗ ಸರಿ" ಅಂತು.

ಮಾಲೀಕರು ಕೇಳಿದರು, "ಯಜಮಾನ್ರೇ, ಎಲ್ಲೀವರೆಗೆ ಓದಿದೀರಿ?"

"ಓದಿಲ್ಲ ಬುದ್ಧಿ, ಅಳ್ದಿವ್ನಿ."

ಮಾಲೀಕರು ಮೇಷ್ಟ್ರ ಕಡೆ ತಿರುಗಿದರು. "ಈ ಹುಡುಗನ್ನ ಟೈಪಿಂಗಿಗೆ ಹಾಕ್ತೀನಿ ಅಂದ್ರಲ್ಲ, ಯಾಕೆ?" ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ನಾನು ಮೆಲ್ಲಗೆ ಹೋಗಿ, "ಸಾರ್, ಆ ಬರೆದು ಕೊಡೋದು ಒಂದು ಬಾಕಿ ಐತೆ" ಅಂದೆ. "ಸೋಮವಾರ ಬೇಗ ಬಾ, ಇದೇ ಬ್ಯಾಚಿಗೆ" ಅಂದರು. ಕಟ್ಟು ಹಾಕಿಸೋಕೆ ಅಷ್ಟು ಸಾಕಿತ್ತು, ಆದರೆ ಅದನ್ನ ಬಾಯಲ್ಲಿ ಹೇಳಿದರು.

ಇದನ್ನೆಲ್ಲ ಟೀ ಅಂಗಡಿಯಲ್ಲಿ ಹೇಗೆ ಹೇಳಬೇಕು ಅಂತ ಬಸ್ಸಿನಲ್ಲಿ ಉದ್ದಕ್ಕೂ ಜೋಡಿಸಿಕೊಂಡು ಬಂದೆ. ಊರು ಸಿಕ್ಕಿದ ಕೂಡಲೇ ಅಪ್ಪ ನನಗಿಂತ ಮೊದಲು ಇಳಿದು ನೆಟ್ಟಗೆ ಅಂಗಡಿಗೇ ಹೋಯಿತು. ನಾನು ಹೋಗೋ ಹೊತ್ತಿಗೆ ಕಥೆ ಮುಗಿದಿತ್ತು. ಅದರಲ್ಲಿ ನಾನೇ ಇರಲಿಲ್ಲ. ಮೈಸೂರಿನವರು ಕಾರು ಮಾಡಿಕೊಂಡು ಬಂದರಂತೆ, ಕಂಪ್ಯೂಟರ್ ಕೆಟ್ಟಿತ್ತಂತೆ, ಯಾರ ಕೈಲೂ ಆಗಲಿಲ್ಲವಂತೆ, ಅಪ್ಪ ಹೋಗಿ ಸರಿ ಮಾಡಿತಂತೆ.

ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿ ಮುಂದೆ ಐದು ಜನ. ಒಬ್ಬನ ಕಂಕುಳಲ್ಲಿ ರೇಡಿಯೋ, ಇಬ್ಬರು ಸೇರಿ ಹೊತ್ತ ಟೀವಿ, ಒಬ್ಬಳ ಕೈಯಲ್ಲಿ ಗೋಡೆ ಗಡಿಯಾರ, ಕೊನೆಯವನು ಪಂಪ್‌ಸೆಟ್ಟಿನ ಸ್ಟಾರ್ಟರನ್ನೇ ಬಿಚ್ಚಿಕೊಂಡು ಬಂದಿದ್ದ. "ಒಳಗೆ ಅವ್ರಾ ನಿಮ್ಮಪ್ಪ? ಕಂಪೂಟ್ರೇ ರಿಪೇರಿ ಮಾಡ್ದೋರಿಗೆ ಇದ್ಯಾವ ಲೆಕ್ಕ!"

ಈಗಲಾದರೂ ಅಪ್ಪ ನಿಜ ಹೇಳುತ್ತೆ ಅಂತ ನಾನು ಪಕ್ಕಕ್ಕೆ ಸರಿದು ನಿಂತೆ. ಅಪ್ಪ ಹೊರಗೆ ಬಂತು. ಸಾಲಾಗಿ ನಿಂತಿದ್ದ ಸಾಮಾನು ನೋಡಿತು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ರೇಡಿಯೋ ಮೇಲೆ ಬೆರಳಿಟ್ಟಿತು.

"ಲಾಭ," ಅಂತು. ಟೀವಿ ಮೇಲೆ ಬೆರಳಿಟ್ಟಿತು. "ಎರಡು. ಸಾಲಾಗಿ ಇಡ್ರಲಾ, ಒಂದೊಂದಾಗಿ ನೋಡ್ತೀನಿ."