ಗೇರ್‌ಬಾಕ್ಸಿಗೆ ವಧುಪರೀಕ್ಷೆ

ನಮ್ಮ ಕಾಕಾ ನಮ್ಮ ಕಾಕುವನ್ನು ನೋಡಿ ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಒಂದು ಪ್ಲೇಟು ಅವಲಕ್ಕಿ ಮುಗಿಯುವಷ್ಟು ಹೊತ್ತು. ತಮ್ಮ ಹಳೇ ಜೀಪಿಗೆ ಒಂದು ಗೇರ್‌ಬಾಕ್ಸ್ ನೋಡಿ ಒಪ್ಪಿಕೊಳ್ಳಲು? ಹೋದ ದೀಪಾವಳಿಗೆ ಶುರುಮಾಡಿದ್ದು, ಈ ದೀಪಾವಳಿ ಹತ್ತಿರ ಬಂದರೂ ಮುಗಿದಿರಲಿಲ್ಲ! ಇದು ನನ್ನ ಚಾಡಿಯಲ್ಲ. ಮನೆಗೆ ಬಂದವರಿಗೆಲ್ಲ ಕಾಕುವೇ ಚಹಾದ ಜೊತೆ ಬಡಿಸುವ ಮಾತು. "ನನ್ನೂ ಹಿಂಗ ನಾಕ್ ಕಡೆ ವಿಚಾರ ಮಾಡಿದ್ದರ ನಾ ಪಾರಾಗ್ತಿದ್ದೆ ನೋಡು" ಎಂದು ಕೊನೆಗೊಂದು ಸೇರಿಸುತ್ತಾಳೆ.

ಕಾಕಾ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಆಯುಷ್ಯವಿಡೀ ತೆಂಗಿನಕಾಯಿ ವ್ಯಾಪಾರ ಮಾಡಿದವರು. ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಬೆರಳಿನಿಂದ ಬಡಿದು, ಒಳಗಿನ ನೀರಿನ ಜಾತಕ ಹೇಳುತ್ತಿದ್ದರು. ಬಡಿದು ಕೇಳದೆ ಯಾವುದನ್ನೂ ನಂಬಬಾರದು ಎನ್ನುವುದು ಅವರ ಏಕೈಕ ಧರ್ಮ. ಕಲ್ಲಂಗಡಿ ಬಡಿಯುತ್ತಾರೆ, ಕೊಡ ಬಡಿಯುತ್ತಾರೆ. ನನ್ನ ಗಂಡ ಮೊದಲ ಸಲ ಅವರ ಮನೆಗೆ ಬಂದಾಗ ಅವನ ಹೆಲ್ಮೆಟ್ಟನ್ನೂ ಬಡಿದು ನೋಡಿದ್ದರು. ಒಳಗೆ ಅವನ ತಲೆ ಇತ್ತು ಎನ್ನುವುದು ಬೇರೆ ಮಾತು!

ಇನ್ನು ಅವರ ಜೀಪು. ಅದರ ಮೂರು ಗೇರಿನ ಹಳೇ ಡಬ್ಬಿ ಕಾಕಾಗಿಂತ ಹಟಮಾರಿ. ಮೇಲಿನ ಗೇರಿನಿಂದ ಕೆಳಗಿನದಕ್ಕೆ ಇಳಿಸಬೇಕೆಂದರೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಡಬೇಕು, ಆಕ್ಸಿಲರೇಟರ್ ಕೊಡಬೇಕು, ಎಂಜಿನ್ನಿನ ದನಿ ಸರಿಯಾಗಿ ಏರಿದ್ದನ್ನು ಕೇಳಿ ಮತ್ತೆ ಕ್ಲಚ್ ಒತ್ತಿ ಹಾಕಬೇಕು. ಚೂರು ತಪ್ಪಿದರೂ ಗರ್ರ್! ಅವರ ಬಡಾವಣೆ ಬಿಬವೇವಾಡಿಯ ಅರ್ಧ ಮಂದಿಗೆ ಕಾಕಾ ಮನೆಗೆ ಬಂದದ್ದು ಗೊತ್ತಾಗುತ್ತದೆ. ಮೊದಲೆಲ್ಲ ವರ್ಷಕ್ಕೊಮ್ಮೆ ಕೇಳುತ್ತಿದ್ದ ಈ ಗರ್ರ್ ಈಚೆಗೆ ದಿನಾ ಕೇಳಲು ಶುರುವಾಗಿ, ಕೊನೆಗೆ ಹಲ್ಲುಗಳೆಲ್ಲ ಸವೆದು, ಜೀಪು ಪಾರ್ಕಿಂಗಿನಲ್ಲಿ ಕೂತುಬಿಟ್ಟಿತು. ಅದರ ಬಾನೆಟ್ಟಿನ ಮೇಲೆ ಬೆಕ್ಕು ಮರಿ ಹಾಕಿದ ದಿನ ಕಾಕು ಫರ್ಮಾನು ಹೊರಡಿಸಿದಳು.

"ದೀಪಾವಳಿಗೆ ಇದರಾಗ ನಿಪ್ಪಾಣಿಗೆ ನನ್ನ ತವರಿಗೆ ಹೋಗಬೇಕು. ಇಲ್ಲಾ ಇದು ಗುಜರಿಗೆ ಹೋಗಬೇಕು. ಯಾವುದರೆ ಒಂದು ಹೇಳ್ರಿ!"

ಕಾಕಾ ನಡುಗಿದರು. ಜೀಪು ಹೋದರೆ ಕಾಕಾ ಉಳಿಯುವುದು ಹೇಗೆ? ಕೂಡಲೇ ಹುಡುಕಾಟ ಜೋರಾಯಿತು. ಅಭ್ಯರ್ಥಿಗಳು ಮೂರು. ಒಂದು, ಅದೇ ತಳಿಯ ಮೂರು ಗೇರಿನದು. ಎರಡನೆಯದು ನಾಲ್ಕು ಗೇರಿನದು. ಅದರ ಮೊದಲ ಗೇರಿನಲ್ಲಿ ಗುಡ್ಡ ಏರಬಹುದು, ಆದರೆ ಇಳಿದು ನಡೆದರೆ ನಾವೇ ಮೊದಲು ಮುಟ್ಟುತ್ತೇವೆ. ಮೂರನೆಯದು ಐದು ಗೇರಿನ ಹೊಸ ಕಾಲದ್ದು, ಕೈ ತಾಗಿಸಿದರೆ ಸಾಕು, ಗೇರು ತಾನೇ ಬೀಳುತ್ತದೆ. ಯಾರಾದರೂ ಮೂರನೆಯದನ್ನೇ ಆರಿಸುತ್ತಾರೆ, ಅಲ್ಲವೇ? ಕಾಕು ಕೂಡ "ಐದರದು ತೊಗೋರಿ, ನಿಮಗೂ ಆರಾಮ" ಎಂದು ದಿನಾ ಜಪ ಮಾಡುತ್ತಿದ್ದಳು.

ಆದರೆ ಐದರ ಡಬ್ಬಿ ಉದ್ದ, ಅದರ ಲಿವರು ಹಿಂದಕ್ಕೆ ಬರುತ್ತದೆ. ಕಾಕುವಿನ ಮೊಣಕಾಲಿಗೆ ತಾಗಿದರೆ ಎಂದು ಕಾಕಾಗೆ ಚಿಂತೆ. ಒಂದು ಮುಂಜಾನೆ ಚಪಾತಿ ಮಾಡುತ್ತಿದ್ದವಳನ್ನು ಎಬ್ಬಿಸಿ ಜೀಪಿನಲ್ಲಿ ಕೂಡಿಸಿ, ಲಿವರಿನ ಜಾಗದಲ್ಲಿ ಅವಳದೇ ಲಟ್ಟಣಿಗೆ ನಿಲ್ಲಿಸಿ ಅತ್ತಿತ್ತ ಆಡಿಸಿದರು.

"ತಾಗ್ತದೇನು?"

"ತಾಗೂದಿಲ್ರೀ! ಲಟ್ಟಣಿಗಿ ಕೊಡ್ರಿ, ಒಲಿ ಮ್ಯಾಲ ಹಂಚು ಸುಡಾಕತ್ತದ!"

ಆಮೇಲೆ ಮಿಸ್ತ್ರಿಯ ಗ್ಯಾರೇಜಿಗೆ ನಮ್ಮ ಮೆರವಣಿಗೆ. ಮೂರೂ ಗೇರ್‌ಬಾಕ್ಸುಗಳು ಎಣ್ಣೆ ಬಳಿದುಕೊಂಡು ಸಾಲಾಗಿ ಕೂತಿದ್ದವು. ಕಾಕಾ ಬಗ್ಗಿ ಒಂದೊಂದನ್ನೇ ಟಕ್ ಟಕ್ ಬಡಿದರು. "ನೀನೂ ಕೇಳು, ಸಾಕ್ಷಿಗೆ" ಎಂದು ಕಾಕುವನ್ನೂ ಬಗ್ಗಿಸಿದರು. ಮಿಸ್ತ್ರಿಗೆ ತಡೆಯಲಾಗಲಿಲ್ಲ. "ಕಾಕಾ, ಹಾ ನಾರಳ್ ನಾಹೀ!" ಎಂದ. ತೆಂಗಿನಕಾಯಿಯಲ್ಲ ಎಂದು ಅವನು ಹೇಳಿದ್ದು ಕಾಕಾಗೆ ಮುಟ್ಟಲೇ ಇಲ್ಲ. ಎದ್ದು ನಿಂತು ಕೈ ಒರೆಸಿಕೊಂಡು ತೀರ್ಪು ಕೊಟ್ಟರು:

"ಮೂರರದ ಹಾಕು!"

ಶಿವ ಶಿವಾ! ಒಂದು ವರ್ಷ ಊರೆಲ್ಲ ಹೆಣ್ಣು ನೋಡಿ ಕೊನೆಗೆ ಹಳೇ ಹೆಂಡತಿಯ ತಂಗಿಯನ್ನೇ ತಂದ ಹಾಗಾಯಿತು. ಕಾಕು ಸಿಟ್ಟಿನಿಂದ ರಿಕ್ಷಾ ಹಿಡಿದು ಮನೆಗೆ ಹೋದಳು.

ಡಬ್ಬಿ ಕೂತಿತು. ದೀಪಾವಳಿಗೆ ಮುಂಚಿನ ಭಾನುವಾರ ಪರೀಕ್ಷೆಗೆಂದು ಕಾತ್ರಜ್ ಘಾಟಿಗೆ ಹೊರಟೆವು. ಮುಂದೆ ಅವರಿಬ್ಬರು, ಹಿಂದಿನ ಸೀಟಿನಲ್ಲಿ ಕುಣಿಯುತ್ತಾ ನಾನು. "ಕಾಕಾ, ಮ್ಯಾಲೆ ಚಹಾಕ್ಕ ನಿಲ್ಲಸ್ರಿ" ಎಂದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಉಹ್ಞೂಂ. ಡ್ರೈವರ್ ಸೀಟಿಗೆ ಕೂತರೆ ದೊಡ್ಡಸ್ತಿಕೆ ಎಷ್ಟು ನೋಡಿ ಎಂದುಕೊಂಡೆ.

ಏರು ಬಂತು. ಎಂಜಿನ್ನು ನರಳತೊಡಗಿತು. ಈಗ ಗರ್ರ್ ಎನ್ನುತ್ತದೆಂದು ನಾನು ಕಿವಿ ಮುಚ್ಚಿಕೊಂಡೆ. ಆಗ ಕಂಡದ್ದು ಕಾಕುವಿನ ಬಲಗೈ. ಲಿವರಿನ ಮೇಲಿದ್ದ ಕಾಕಾನ ಮಣಿಕಟ್ಟಿನ ಮೇಲೆ ಅದು ಕೂತಿತ್ತು. ನನಗೆ ಚಕ್ಕುಲಿ ಹಿಟ್ಟಿನ ಹದ ಹೇಳುತ್ತಲೇ, ಮಾತು ನಿಲ್ಲಿಸದೆ, ಮೆಲ್ಲಗೆ ಒಮ್ಮೆ ಒತ್ತಿದಳು. ಕಾಕಾ ನ್ಯೂಟ್ರಲ್ಲಿಗೆ ತಂದು ಆಕ್ಸಿಲರೇಟರ್ ಕೊಟ್ಟರು. ದನಿ ಏರಿತು. ಮತ್ತೊಮ್ಮೆ ಒತ್ತಿದಳು. ತುಪ್ಪದಲ್ಲಿ ಚಮಚ ಇಳಿದ ಹಾಗೆ ಗೇರು ಬಿತ್ತು.

ಘಾಟಿನ ಮೇಲೆ ಕಾಕಾ ಚಹಾ ತರಲು ಹೋದಾಗ ಕಾಕುವಿನ ಮುಖ ನೋಡಿದೆ.

"ಇವರ ಕಿವಿ ಹೋಗಿ ಎರಡು ವರ್ಷ ಆತವ್ವಾ," ಎಂದಳು. "ಕಿವಿಗೆ ಮಶೀನ್ ಹಾಕ್ಕೋರಿ ಅಂದ್ರ ಒಲ್ಲೆ ಅಂತಾರ. ಕಾಯಿ ಕೇಳಿ ಬದುಕಿದ ಮನಶ್ಯಾ, ಕಿವಿ ಹೋತು ಅಂತ ಯಾರ ಮುಂದ ಹೇಳ್ಕೋಬೇಕು? ನಾ ಬಾಜೂಕ ಇದ್ದರ ದನಿ ಕೇಳಿ ಹಿಂಗ ಒತ್ತತೀನಿ, ಒಬ್ಬರ ಹೋದ್ರ ಗರ್ರ್! ಅದಕ್ಕ ಐದರದು ತೊಗೋರಿ ಅಂತ ಬಡ್ಕೊಂಡೆ. ಕೇಳಬೇಕಲ್ಲ!"

ಕಾಕು ಕಣಿವೆ ನೋಡುವ ನೆಪದಲ್ಲಿ ಕಟ್ಟೆಯ ಕಡೆ ನಡೆದಳು. ಅಷ್ಟರಲ್ಲಿ ಕಾಕಾ ಚಹಾ ಹಿಡಿದು ಬಂದು, ಅವಳು ದೂರ ಇದ್ದಾಳೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ ಗುಟ್ಟು ಹೇಳಿದರು. ಗುಟ್ಟೆಂದು ತಿಳಿದದ್ದು ಅವರೊಬ್ಬರೇ. ಚಹಾದಂಗಡಿಯ ಮಂದಿಯೆಲ್ಲ ತಿರುಗಿ ನೋಡಿದರು.

"ಅಕಿಗೆ ಹೇಳಬ್ಯಾಡ! ಐದರದು ಭಾಳ ಚಲೋ ಇತ್ತು! ಆದ್ರ ಅದರಾಗ ಗೇರು ತಾನ ಬೀಳ್ತದ. ಅಕಿ ಕೈ ಹಿಡಿಯೂದು ತಪ್ಪತಿತ್ತು!"

ಕಟ್ಟೆಯ ಹತ್ತಿರ ಕಾಕು ಅಲುಗಾಡದೆ ನಿಂತಳು. ಸೆರಗಿನ ತುದಿ ಒಮ್ಮೆ ಕಣ್ಣಿಗೆ ಹೋಗಿ ಬಂತು. ಆಮೇಲೆ ತಿರುಗದೆಯೇ ಗದರಿದಳು, "ಚಹಾ ಆರಾಕತ್ತದ, ಕುಡೀರಿ."

ಕಾಕಾಗೆ ಕೇಳಿಸಲಿಲ್ಲ. ಅವಳು ಹತ್ತಿರ ಬಂದು ಮಣಿಕಟ್ಟನ್ನು ಮೆಲ್ಲಗೆ ಒಮ್ಮೆ ಒತ್ತಿದಳು. ಕಾಕಾ ಚಹಾ ಕುಡಿದರು.