ಒಂದೇ ಬೆರಳಿನ ಪ್ರಕರಣ

ಹದಿನೆಂಟು ವರ್ಷ ತುಂಬಿ ಒಂಬತ್ತನೇ ದಿನ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಕಚೇರಿಯ ಒಂದು ಕಂಪ್ಯೂಟರನ್ನು ಯಾರ ಅನುಮತಿಯೂ ಇಲ್ಲದೆ ಸರಿಮಾಡಿದವಳು ನಾನೇ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ನನ್ನನ್ನು ಯಾರೂ ಪುಸಲಾಯಿಸಿರಲಿಲ್ಲ. ಗುಂಡಿ ಒತ್ತಿದ್ದು ಬಲಗೈ ತೋರುಬೆರಳಿನಿಂದ.

ಹಳೆಯದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಿನ್ನೆ ನಮ್ಮ ವಿಭಾಗಕ್ಕೆ ಸೇರಿದ ಹುಡುಗನೊಬ್ಬ ಮೊದಲ ಗಂಟೆಯಲ್ಲೇ ಇದೇ ತಪ್ಪು ಮಾಡಿದ್ದಾನೆ. ಅವನ ವಿಚಾರಣೆ ನಡೆಸಬೇಕಾದವಳು ನಾನು. ವಿಚಾರಣೆ ಮಾಡುವವರು ಮೊದಲು ತಾವು ಮಾಡಿದ ಅಂಥದೇ ತಪ್ಪನ್ನು ಬರೆದುಕೊಡಬೇಕು ಅಂತ ನಿಯಮ. ಒಳ್ಳೆಯ ನಿಯಮವೇ. ಅದು ಬಂದ ಮೇಲೆ ವಿಚಾರಣೆ ಮಾಡುತ್ತೇನೆಂದು ಯಾರೂ ಮುಂದೆ ಬಂದಿಲ್ಲ.

ನಮ್ಮದು ದೃಢೀಕೃತ ನಕಲುಗಳ ಕಚೇರಿ. ಜನ ತಮ್ಮ ಹಳೆಯ ಕಾಗದಗಳ ನಕಲು ಬೇಕೆಂದು ಬಂದು ಬೆಂಚಿನ ಮೇಲೆ ಕೂರುತ್ತಾರೆ. ಬೆಂಚಿನ ಮೇಲೆ ಪರಿಚಯವಾಗಿ ಬೀಗರಾದವರೂ ಇದ್ದಾರೆ. ಕಂಪ್ಯೂಟರ್ ಸಹಾಯ ವಿಭಾಗ ಇರುವುದು ಮೆಟ್ಟಿಲ ಕೆಳಗೆ. ಯಾರಾದರೂ ಭಾರವಾಗಿ ಇಳಿದರೆ ನಮ್ಮ ಕೀಬೋರ್ಡಿನ ಮೇಲೆ ಸುಣ್ಣದ ಪುಡಿ ಉದುರುತ್ತದೆ. ಕುರ್ಚಿ ನಾಲ್ಕು, ನೌಕರರು ಇಬ್ಬರು: ಆಗ ಮೇಲ್ವಿಚಾರಕರು ಮತ್ತು ನಾನು. ಉಳಿದೆರಡು ಕುರ್ಚಿಗಳು ಖಾಲಿ ಹುದ್ದೆಗಳವು. ಅವುಗಳ ಮೇಲೆ ಚೀಲ ಇಡುವಂತಿಲ್ಲ.

ಸಂದರ್ಶನದಲ್ಲಿ ಮೂವರು ಕೂತು ಒಂದೇ ಪ್ರಶ್ನೆ ಕೇಳಿದ್ದರು. ಕಂಪ್ಯೂಟರ್ ಹ್ಯಾಂಗ್ ಆದರೆ ಏನು ಮಾಡುತ್ತೀಯ?

"ಆಫ್ ಮಾಡಿ ಆನ್ ಮಾಡ್ತೀನಿ ಸಾರ್."

ಮೂವರೂ ಮುಖ ಮುಖ ನೋಡಿಕೊಂಡು ಪೂರ್ತಿ ಅಂಕ ಕೊಟ್ಟರು. ಸಂದರ್ಶನದಲ್ಲಿ ಸರಿ ಉತ್ತರ ಹೇಳುವುದಕ್ಕೂ ಕಚೇರಿಯಲ್ಲಿ ಅದನ್ನು ಮಾಡುವುದಕ್ಕೂ ಸಂಬಂಧವಿಲ್ಲ ಅನ್ನುವುದನ್ನು ಆಗ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ತೊಂಬತ್ತು ದಿನ ಪರೀಕ್ಷೆಯ ಅವಧಿ. ತೊಂಬತ್ತನೇ ದಿನ ಸಂಜೆ ಐದರೊಳಗೆ ಖಾಯಂ ಆದೇಶಕ್ಕೆ ಸಹಿ ಬಿದ್ದರೆ ಕೆಲಸ ನನ್ನದು. ಬೀಳದಿದ್ದರೆ ಮನೆಗೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರಿಗೂ ಖಾಯಂ ಕೆಲಸ ಇರಲಿಲ್ಲ. ಅಪ್ಪ ಕರೆದರೆ ಹೋಗುವ ಡ್ರೈವರು, ಅಮ್ಮ ಕರೆದರೆ ಹೋಗುವ ಅಡುಗೆಯವಳು. ಯಾರೂ ಕರೆಯದ ದಿನ ಇಬ್ಬರೂ ಒಂದೊಂದು ಫೋನು ಎದುರಿಗಿಟ್ಟುಕೊಂಡು ಅದರ ಮುಖ ನೋಡುತ್ತಾ ಕೂರುತ್ತಿದ್ದರು. ನನಗೆ ಕೆಲಸ ಸಿಕ್ಕಿದ ಸಂಜೆ ಅಮ್ಮ ಒಂದು ಗಾಜಿನ ಫ್ರೇಮು ತಂದು, ಮೊಳೆ ಹೊಡೆದು, ಬಾಗಿಲ ಎದುರಿನ ಗೋಡೆಗೆ ಖಾಲಿಯೇ ತೂಗುಹಾಕಿದಳು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಾಳೆ ನೋಡು," ಅಂದ ಅಪ್ಪ.

"ಖಾಯಂ ಆದೇಶ ಬಂದಮೇಲೆ ಮೊಳೆ ಹುಡುಕ್ತಾ ಕೂರಬೇಕಾ?" ಅಂದಳು ಅಮ್ಮ. "ಖಾಯಂ ಅಂದ್ರೆ ಏನು ಗೊತ್ತಾ? ನಾಳೆ ಬರಬೇಡ ಅಂತ ಯಾರೂ ಅನ್ನೋ ಹಾಗಿಲ್ಲ."

ಮೊದಲ ದಿನ ಹತ್ತೂವರೆಗೆ ಟೈಪಿಸ್ಟ್ ಅಕ್ಕನ ಕಂಪ್ಯೂಟರ್ ನೋಡಲು ಹೋದೆ. ಒಂಬತ್ತು ದಿನದಿಂದ ಹ್ಯಾಂಗ್ ಆಗಿತ್ತು. ಅಕ್ಕ ಅದಕ್ಕೊಂದು ಹೂವಿನ ಬಟ್ಟೆ ಹೊದಿಸಿ, ಪಕ್ಕದಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ಒಂದು ತೋಳು ಮುಗಿದಿತ್ತು. ಹೊರಗೆ ಬೆಂಚಿನ ಮೇಲೆ ಇಪ್ಪತ್ತು ಜನ. ನಾನು ಬಟ್ಟೆ ತೆಗೆದೆ, ಗುಂಡಿ ಒತ್ತಿ ಹಿಡಿದೆ, ಆರಿತು. ಹತ್ತು ಎಣಿಸಿದೆ, ಮತ್ತೆ ಒತ್ತಿದೆ, ಹೊತ್ತಿತು. ಎಲ್ಲ ಸರಿಯಾಯಿತು.

ಅಕ್ಕ ಸೂಜಿ ಕೆಳಗಿಟ್ಟು ನನ್ನನ್ನೇ ನೋಡಿದಳು. "ಏನ್ ಮಾಡಿಬಿಟ್ಟೆ ಪುಟ್ಟಿ? ಇನ್ನೊಂದು ತೋಳು ಯಾವಾಗ ಹೆಣೀಲಿ?"

ಆಮೇಲೆ ಮೇಲ್ವಿಚಾರಕರು ಕರೆದು ಕೂರಿಸಿ, ನೀರು ಕೊಟ್ಟು, ಪದ್ಧತಿ ವಿವರಿಸಿದರು. ಕೋಪವೇನೂ ಇರಲಿಲ್ಲ. ಕಂಪ್ಯೂಟರ್ ಆರಿಸುವುದೆಂದರೆ ವಿದ್ಯುತ್ ನಿಲ್ಲಿಸುವುದು, ಆದ್ದರಿಂದ ಅದು ಮೂರನೇ ಮಹಡಿಯ ವಿದ್ಯುತ್ ವಿಭಾಗದ ಕೆಲಸ. ಹೊತ್ತಿಸುವುದು ಕಂಪ್ಯೂಟರಿಗೆ ಸಂಬಂಧಪಟ್ಟದ್ದು, ಆದ್ದರಿಂದ ನಮ್ಮದು. ದೂರು ಮೂರು ಪ್ರತಿಯಲ್ಲಿ ಮೇಲೆ ಹೋಗುತ್ತದೆ. ಅಲ್ಲಿಂದ, ಎಲ್ಲರೂ ಆಫ್ ಸಾಹೇಬರು ಅನ್ನುವ ಅಧಿಕಾರಿ ಇಳಿದು ಬಂದು ಆರಿಸುತ್ತಾರೆ. 'ಆರಿಸಲಾಗಿದೆ' ಎಂಬ ವರದಿ ಟಪಾಲಿನಲ್ಲಿ ನಮಗೆ ಬರುತ್ತದೆ. ಆಮೇಲೆ ನಾವು ಹೊತ್ತಿಸುತ್ತೇವೆ. ಆರಿಸುವುದಕ್ಕೆ ಹನ್ನೊಂದು ದಿನ, ಹೊತ್ತಿಸುವುದಕ್ಕೆ ಇನ್ನೂ ನಾಲ್ಕು.

"ನೀನು ಎಷ್ಟು ಹೊತ್ತಲ್ಲಿ ಮಾಡಿದೆ?"

"ಒಂದು ನಿಮಿಷ ಸಾರ್."

"ಯಾಕೆ ಒತ್ತಿದೆ?"

"ಹ್ಯಾಂಗ್ ಆಗಿತ್ತಲ್ಲ ಸಾರ್."

"ಅದು ಕಂಪ್ಯೂಟರಿನ ಸ್ಥಿತಿ ಮಗಳೇ. ಕಾರಣ ಅಲ್ಲ."

ಎರಡು ದಿನ ಕಳೆದು, ದೂರು ಹೋದ ಹನ್ನೊಂದನೇ ದಿನಕ್ಕೆ ಸರಿಯಾಗಿ ಆಫ್ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತಾ ಇಳಿದು ಬಂದರು. ಇಪ್ಪತ್ತೊಂಬತ್ತು ವರ್ಷದಿಂದ ಈ ಕಟ್ಟಡದಲ್ಲಿ ಏನಾದರೂ ಆರಿದ್ದರೆ ಅದು ಅವರ ಕೈಯಿಂದಲೇ. ಕಂಪ್ಯೂಟರ್ ಕೆಲಸ ಮಾಡುತ್ತಿರುವುದನ್ನು ಕಂಡು ಅವರ ಮುಖ ಸಣ್ಣದಾಯಿತು. ಆದರೂ ಕೈಯಲ್ಲಿ ಆದೇಶವಿತ್ತು. ಅಕ್ಕ ಟೈಪು ಮಾಡುತ್ತಿರುವಾಗಲೇ ಅದನ್ನು ಆರಿಸಿ, ವರದಿ ಬರೆದು, ಹೋಗುವ ಮುಂಚೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಆನ್ ಮಾಡೋದು ಯಾರು ಬೇಕಾದ್ರೂ ಮಾಡ್ತಾರೆ ಮಗಳೇ. ಆಫ್ ಮಾಡೋಕೆ ಅನುಭವ ಬೇಕು."

ನನಗೆ ನಿಜಕ್ಕೂ ನಾಚಿಕೆಯಾಯಿತು. ಅವರ ವರದಿ ಟಪಾಲಿನಲ್ಲಿ ಬರಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಅಕ್ಕ ಇನ್ನೊಂದು ತೋಳನ್ನೂ ಮುಗಿಸಿದಳು.

ಅದೇ ವಾರ ನನಗೆ ಕಾರಣ ಕೇಳಿ ನೋಟಿಸ್ ಬಂತು. 'ಎರಡು ವಿಭಾಗಗಳಿಗೆ ಹಂಚಿಕೆಯಾದ ಕೆಲಸವನ್ನು ಸದರಿ ನೌಕರರು ಒಂದೇ ಬೆರಳಿನಿಂದ ನಿರ್ವಹಿಸಿದ್ದು, ಸದರಿ ಬೆರಳು ಯಾವುದು, ಅದಕ್ಕೆ ಅಧಿಕಾರ ಕೊಟ್ಟವರು ಯಾರು ಎಂಬುದನ್ನು ಏಳು ದಿನದೊಳಗೆ ತಿಳಿಸತಕ್ಕದ್ದು.' ತಿಳಿಸಿದೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಇನ್ನೊಂದು ಸಲ ಹೀಗಾದರೆ ಕೆಲಸದಿಂದ ವಜಾ. ನನ್ನಂಥವರು ಮುಂದೆಯೂ ಬರಬಹುದೆಂದು ಒಂದು ಸುತ್ತೋಲೆಯನ್ನೂ ಹೊರಡಿಸಿದರು. ಆಗ ಅದನ್ನು ಸರಿಯಾಗಿ ಓದಲಿಲ್ಲ, ಅತಿ ಬುದ್ಧಿ ನನ್ನದು.

ನೋಟಿಸನ್ನು ಚೀಲದಲ್ಲಿ ಬಚ್ಚಿಟ್ಟಿದ್ದೆ. ಅಮ್ಮ ಚೀಲ ಒಗೆಯಲು ತೆಗೆದಾಗ ಸಿಕ್ಕಿತು. ಮರುದಿನ ಬೆಳಿಗ್ಗೆ ನೋಡಿದರೆ ಗೋಡೆಯ ಫ್ರೇಮಿನಲ್ಲಿ ಕೂತಿದೆ.

"ಅಮ್ಮಾ, ಅದು ಬೈದು ಬರೆದಿರೋ ಕಾಗದ."

"ಬೈದ್ರೆ ಏನಾಯ್ತು? ಮೇಲೆ ನಿನ್ನ ಹೆಸರಿದೆ, ಕೆಳಗೆ ಸೀಲಿದೆ, ಸಹಿ ಇದೆ. ನಮ್ಮ ವಂಶದಲ್ಲಿ ಯಾರಿಗೆ ಇಷ್ಟು ಮರ್ಯಾದೆಯಾಗಿ ಬೈದಿದ್ದಾರೆ? ಖಾಯಂ ಆದೇಶ ಬಂದಾಗ ಇದನ್ನ ತೆಗೆದು ಅದನ್ನ ಹಾಕೋಣ ಬಿಡು."

ಆಮೇಲೆ ನಾನು ಬೆರಳನ್ನು ಹದ್ದುಬಸ್ತಿನಲ್ಲಿಟ್ಟೆ. ಹ್ಯಾಂಗ್ ಆದ ಕಂಪ್ಯೂಟರಿನ ಮುಂದೆ ಕೈಕಟ್ಟಿ ನಿಲ್ಲುವುದನ್ನು ಕಲಿತೆ. ಬೆಂಚಿನವರು ನನ್ನ ಮುಖ ನೋಡುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ. ಮೊದಲ ತಿಂಗಳು ಬೆರಳನ್ನು ಮುಷ್ಟಿಯೊಳಗೆ ಬಚ್ಚಿಡಬೇಕಾಗುತ್ತಿತ್ತು. ಮೂರನೇ ತಿಂಗಳಿಗೆ ನಾನೂ ಸ್ವೆಟರ್ ಹೆಣೆಯುವುದನ್ನು ಕಲಿತಿದ್ದೆ.

ತೊಂಬತ್ತನೇ ದಿನ ಬಂತು. ಅಮ್ಮ ಬೆಳಿಗ್ಗೆಯೇ ಫ್ರೇಮಿನ ಗಾಜು ಒರೆಸಿದಳು. ಮಧ್ಯಾಹ್ನ ನಾಲ್ಕು ಗಂಟೆಗೆ ಅಕ್ಕ ನನ್ನ ಖಾಯಂ ಆದೇಶ ಟೈಪು ಮಾಡಿ ಮುಗಿಸಿದಳು. ಮೇಲ್ವಿಚಾರಕರು ಪೆನ್ನಿನ ಮುಚ್ಚಳ ತೆಗೆದು ಪ್ರಿಂಟರಿನ ಪಕ್ಕ ನಿಂತರು. ಪರದೆಯ ಮೇಲೆ ನನ್ನ ಪೂರ್ತಿ ಹೆಸರು, ಅದರ ಕೆಳಗೆ 'ಖಾಯಂಗೊಳಿಸಲಾಗಿದೆ' ಎಂಬ ಪದ. ಅಕ್ಕ ಪ್ರಿಂಟ್ ಒತ್ತಿದಳು. ನಾಲ್ಕು ಇಪ್ಪತ್ತಕ್ಕೆ ಕಂಪ್ಯೂಟರ್ ಹ್ಯಾಂಗ್ ಆಯಿತು.

ನನ್ನ ಬೆರಳು ತಾನಾಗಿ ಏಳುತ್ತಿತ್ತು. ಎಡಗೈಯಲ್ಲಿ ಅದನ್ನು ಹಿಡಿದುಕೊಂಡೆ.

"ಕೈಯಲ್ಲೇ ಬರೆದುಕೊಡಿ ಸಾರ್," ಅಂದೆ.

"ಇದು ನಕಲುಗಳ ಕಚೇರಿ ಮಗಳೇ. ಕೈಯಲ್ಲಿ ಬರೆದರೆ ಅದು ಮೂಲ ಆಗುತ್ತೆ. ಮೂಲ ಕೊಡೋ ಅಧಿಕಾರ ನಮಗಿಲ್ಲ."

ಅಕ್ಕ ಸ್ವೆಟರ್ ಬಿಸಾಡಿ ಮೂರು ಪ್ರತಿಯಲ್ಲಿ ದೂರು ಬರೆದಳು. ನಾನು ಅದನ್ನು ಹಿಡಿದು ಮೂರು ಮಹಡಿ ಓಡಿದೆ. ಆಫ್ ಸಾಹೇಬರು ಓದಿದರು, ಕನ್ನಡಕ ತೆಗೆದರು, ನನ್ನನ್ನು ನೋಡಿದರು. ಆಮೇಲೆ ಇಪ್ಪತ್ತೊಂಬತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದರು: ಅದೇ ದಿನ ಇಳಿದು ಬಂದರು. ಕಂಬಿ ಹಿಡಿದು, ಮಂಡಿ ನೋವಿಗೆ ಮೆಟ್ಟಿಲಿಗೊಮ್ಮೆ ನಿಂತು ಬಂದರು. ನಾಲ್ಕು ನಲವತ್ತೈದಕ್ಕೆ ಗುಂಡಿ ಒತ್ತಿ ಆರಿಸಿದರು. ವರದಿಯನ್ನು ಟಪಾಲಿಗೆ ಹಾಕದೆ ನನ್ನ ಕೈಗೇ ಕೊಟ್ಟರು.

ಇನ್ನು ಹೊತ್ತಿಸಬೇಕಿತ್ತು, ಅಷ್ಟೇ. ಹೊತ್ತಿಸುವವಳು ನಾನೇ. ಒಂದು ಹೆಜ್ಜೆ ಮುಂದಿಟ್ಟೆ.

"ನಿಲ್ಲು," ಅಂದರು ಮೇಲ್ವಿಚಾರಕರು. ಅವರ ಕೈಯಲ್ಲಿ ನನ್ನಿಂದಲೇ ಹುಟ್ಟಿದ ಆ ಸುತ್ತೋಲೆ ಇತ್ತು. "'ಯಾವ ನೌಕರರ ವಿಷಯ ಪರದೆಯ ಮೇಲಿದೆಯೋ ಆ ನೌಕರರು ಗುಂಡಿಯಿಂದ ಮೂರು ಅಡಿ ದೂರವಿರತಕ್ಕದ್ದು.'"

"ಪರದೆ ಆರಿದೆ ಸಾರ್. ಅದರ ಮೇಲೆ ಏನೂ ಇಲ್ಲ."

ಅವರು ಬಗ್ಗಿ ಕಪ್ಪು ಪರದೆಯನ್ನು ನೋಡಿದರು. "ಇದೆಯೋ ಇಲ್ವೋ ಅಂತ ಹೇಗೆ ಹೇಳೋದು?"

"ಆನ್ ಮಾಡಿದ್ರೆ ಗೊತ್ತಾಗುತ್ತೆ," ಅಂದಳು ಅಕ್ಕ.

"ಹೌದು. ಗೊತ್ತಾದ ಮೇಲೆ ಇವಳು ಆನ್ ಮಾಡಬಹುದು."

ಎಲ್ಲರೂ ತಲೆಯಾಡಿಸಿದರು. ಹಾಗಾದರೆ ನೀವೇ ಒತ್ತಿ ಸಾರ್ ಅಂದೆ. ಸಹಿ ಹಾಕುವ ಕೈ ಗುಂಡಿ ಒತ್ತುವಂತಿಲ್ಲ. ಅಕ್ಕ ದೂರು ಕೊಟ್ಟವಳು, ಮುಟ್ಟುವಂತಿಲ್ಲ. ಆಫ್ ಸಾಹೇಬರು ತಮ್ಮ ಬೆರಳನ್ನು ತಾವೇ ನೋಡಿಕೊಂಡು, "ಇದಕ್ಕೆ ಆನ್ ಬರಲ್ಲ ಮಗಳೇ," ಅಂದರು. ಅವರ ಕಣ್ಣಲ್ಲಿ ನೀರಿತ್ತು.

ನಾಲ್ಕು ಐವತ್ತೈದು. ಅಕ್ಕ ಗೋಡೆಯ ಕಡೆ ತಿರುಗಿದಳು. "ಒತ್ತಿಬಿಡೇ, ನಾನು ನೋಡಿಲ್ಲ," ಅಂದಳು. ಮೇಲ್ವಿಚಾರಕರು, "ನಾನು ಒತ್ತು ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ," ಅಂದು ತಾವೂ ಗೋಡೆಗೆ ತಿರುಗಿದರು. ಆಫ್ ಸಾಹೇಬರೂ ತಿರುಗಿದರು. ಮೂರು ಬೆನ್ನುಗಳು, ಒಂದು ಗುಂಡಿ. ಒತ್ತಿದರೆ ಎರಡನೇ ತಪ್ಪು, ವಜಾ. ಒತ್ತದಿದ್ದರೆ ಐದು ಗಂಟೆ, ಮನೆಗೆ. ನನಗೆ ಅಳು ಬಂತು. ಅಮ್ಮ ಒರೆಸಿದ ಗಾಜು ಕಣ್ಣಮುಂದೆ ಬಂತು. ತೊಂಬತ್ತು ದಿನದ ಹಿಂದಿನ ಹುಡುಗಿಯಾಗಿದ್ದರೆ ಒತ್ತಿಬಿಡುತ್ತಿದ್ದಳು. ನಾನು ಮೂರು ಅಡಿ ಅಳೆದು ಹಿಂದೆ ಸರಿದು ಕೈಕಟ್ಟಿ ನಿಂತೆ.

ಗಡಿಯಾರ ಐದು ಹೊಡೆಯಿತು. ಮೇಲ್ವಿಚಾರಕರು ಪೆನ್ನಿಗೆ ಮುಚ್ಚಳ ಹಾಕಿದರು.

ಮರುದಿನ ಸಮಿತಿ ಸೇರಿತು. ತನ್ನ ಕೆಲಸವೇ ಹೋಗುತ್ತಿದ್ದರೂ ಗುಂಡಿ ಒತ್ತದ ನೌಕರರನ್ನು ಕಚೇರಿ ಇದೇ ಮೊದಲು ಕಂಡಿದೆ ಎಂದು ನಡಾವಳಿಯಲ್ಲಿ ಬರೆದರು. ಇಂಥವಳನ್ನು ಖಂಡಿತ ಖಾಯಂ ಮಾಡಬೇಕು, ಆದರೆ ಅವಧಿ ಮುಗಿದಿರುವುದರಿಂದ ಮಾಡುವಂತಿಲ್ಲ. ಆದಕಾರಣ ಹೊಸದಾಗಿ ತೊಂಬತ್ತು ದಿನಕ್ಕೆ ಗೌರವಪೂರ್ವಕವಾಗಿ ನೇಮಿಸಲಾಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಇದು ನನ್ನ ನಲವತ್ತೊಂದನೇ ತೊಂಬತ್ತು ದಿನ. ಈಗ ನನಗೆ ಇಪ್ಪತ್ತೆಂಟು. ಪ್ರತಿ ಸಲವೂ ಕೊನೆಯ ದಿನ ಅಕ್ಕ ಆದೇಶ ಟೈಪು ಮಾಡುತ್ತಾಳೆ, ನಾಲ್ಕು ಇಪ್ಪತ್ತಕ್ಕೆ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ, ನಾನು ಮೂರು ಅಡಿ ದೂರ ನಿಲ್ಲುತ್ತೇನೆ, ಎಲ್ಲರೂ ಟೀ ಕುಡಿಯುತ್ತೇವೆ. ಕಂಪ್ಯೂಟರನ್ನು ಬದಲಿಸೋಣವೆಂದು ಒಮ್ಮೆ ಸೂಚಿಸಿದೆ. ಅದು ಖಾಯಂ ಆಸ್ತಿ, ತೆಗೆಯುವಂತಿಲ್ಲ ಅಂದರು. ಮೇಲ್ವಿಚಾರಕರು ನಿವೃತ್ತರಾದ ಮೇಲೆ ಆ ಜಾಗದ ಪ್ರಭಾರ ನನಗೇ ಬಂತು. ಬೇರೆಯವರ ಖಾಯಂ ಆದೇಶಗಳಿಗೆ ಸಹಿ ಹಾಕುವವಳು ನಾನೇ. ನನ್ನದಕ್ಕೆ ಹಾಕುವಂತಿಲ್ಲ.

ಮನೆಯಲ್ಲಿ ಬೇಜಾರೇನಿಲ್ಲ. ಪ್ರತಿ ಹೊಸ ನೇಮಕದ ಆದೇಶಕ್ಕೂ ಅಮ್ಮ ಒಂದು ಫ್ರೇಮು ಹಾಕಿಸುತ್ತಾಳೆ. ಎದುರುಗೋಡೆ ತುಂಬಿ, ಅಡುಗೆಮನೆ ದಾಟಿ, ಈಗ ಬಚ್ಚಲಿನ ಬಾಗಿಲಿಗೆ ಬಂದಿದೆ. ನಡುವೆ ಆ ಮೊದಲ ನೋಟಿಸ್ ಹಾಗೇ ಇದೆ. ಬಂದವರಿಗೆಲ್ಲ ಅಮ್ಮ ಹೇಳುತ್ತಾಳೆ: "ಬೇರೆಯವರ ಮಕ್ಕಳಿಗೆ ಜೀವಮಾನಕ್ಕೆ ಒಂದೇ ಆದೇಶ. ನನ್ನ ಮಗಳಿಗೆ ತೊಂಬತ್ತು ದಿನಕ್ಕೊಂದು." ಅಪ್ಪನೂ ಹೌದೆನ್ನುತ್ತಾನೆ.

ಇನ್ನು ಹೊಸ ಹುಡುಗನ ವಿಷಯ. ನಿನ್ನೆ ಅವನನ್ನು ಕರೆದು ಕೂರಿಸಿ ನೀರು ಕೊಟ್ಟೆ. ಯಾಕೆ ಒತ್ತಿದೆ ಎಂದು ಕೇಳಿದೆ.

"ಹ್ಯಾಂಗ್ ಆಗಿತ್ತಲ್ಲ ಮೇಡಂ."

ಅವನ ಬೆರಳು ಮೇಜಿನ ಮೇಲೆ ಸುಮ್ಮನಿರಲಾರದೆ ತಟ್ಟುತ್ತಿತ್ತು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಸ್ವಲ್ಪ ಹೊತ್ತು ಗೋಡೆಯ ಕಡೆ ತಿರುಗಿ ಕೂತೆ. ಆಮೇಲೆ ಈ ಕಡೆ ತಿರುಗಿ, ಅದು ಕಂಪ್ಯೂಟರಿನ ಸ್ಥಿತಿ, ಕಾರಣವಲ್ಲ ಎಂದು ತಿಳಿಸಿ, ನೋಟಿಸಿಗೆ ಸಹಿ ಹಾಕಿ ಕೊಟ್ಟೆ.

ಇವತ್ತು ಬೆಳಿಗ್ಗೆ ಅವನ ತಾಯಿ ಕಚೇರಿಗೆ ಫೋನ್ ಮಾಡಿದ್ದರು. ಮಗನ ಖಾಯಂ ಆದೇಶಕ್ಕೆ ಎಷ್ಟು ದೊಡ್ಡ ಫ್ರೇಮು ಬೇಕಾಗುತ್ತದೆ ಎಂದು ಕೇಳಿದರು. ಉದ್ದ, ಅಗಲ ಎರಡೂ ಬರೆಸಿದೆ.