ಹೊಗೆಯಿಲ್ಲದ ಮದ್ದು

ನಮ್ಮ ಭಾಷೆಯಲ್ಲಿ ಜ್ವರ ಬಿಡಿಸುವುದಕ್ಕೂ ಗುಂಡು ಹಾರಿಸುವುದಕ್ಕೂ ಒಂದೇ ಹೆಸರು, ಮದ್ದು. ಈ ಹೆಸರಿಟ್ಟವರು ತಮಾಷೆಯ ಜನ ಇರಬೇಕು, ಇಲ್ಲವೇ ಕಷಾಯ ಕುಡಿದು ಬಹಳ ಅನುಭವಿಸಿದವರು. ಗಲ್ಫಿನ ಅಲ್ ಹಿಲಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತವನು, "ಎರಡರಲ್ಲಿ ಒಂದು ಮದ್ದು ಆರಿಸಬೇಕು, ತಲೆಬಿಸಿ" ಎಂದೆ. ಹೆಂಡತಿ ವಿಜಯಾ ನನ್ನ ತಟ್ಟೆಯಲ್ಲಿದ್ದ ಹುರಿದ ಬಂಗುಡೆಯನ್ನು ಮೆಲ್ಲಗೆ ಎತ್ತಿಕೊಂಡು, "ಹೊಟ್ಟೆ ಸರಿ ಇಲ್ಲದಿದ್ದರೆ ಮೊದಲೇ ಹೇಳಬಾರದಾ?" ಎಂದಳು. ಹೊಟ್ಟೆಯದಲ್ಲ, ಪಿಸ್ತೂಲಿನದು ಎಂದು ಬಿಡಿಸಿ ಹೇಳಿದೆ. ಅವಳ ಮುಖ ಇನ್ನಷ್ಟು ಗಂಭೀರವಾಯಿತೇ ಹೊರತು ಮೀನು ವಾಪಸ್ ಬರಲಿಲ್ಲ.

ನಾನು ಲುಸೈಲ್ ಕಡೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಸ್ಟೋರ್ ಕೀಪರ್. ದೀಪಾವಳಿಯಲ್ಲಿ ಉಳಿದ ಮಕ್ಕಳು ಪಟಾಕಿ ಹೊಡೆಯುವಾಗ ಕಿವಿ ಮುಚ್ಚಿಕೊಂಡು ಒಳಕೋಣೆಯಲ್ಲಿ ಕೂರುತ್ತಿದ್ದವನಿಗೆ ದೇವರು ಇಂಥ ಅನ್ನ ಬರೆದಿದ್ದಾನೆ. ನಮ್ಮಲ್ಲಿ ಅಭ್ಯಾಸಕ್ಕೆ ಬೇಕಾದ ತೋಟಾಗಳನ್ನು ನಾವೇ ತುಂಬಿಸುತ್ತಿದ್ದೆವು. ಹಾರಿಸಿ ಬಿದ್ದ ಹಿತ್ತಾಳೆಯ ಕೊಳವೆಗಳನ್ನು ಹೆಕ್ಕಿ, ತೊಳೆದು, ಒಂದೊಂದಕ್ಕೂ ಒಂದು ಅಳತೆ ಮದ್ದು ಸುರಿದು, ಮೇಲೆ ಗುಂಡು ಕೂರಿಸುವುದು. ಈ ಕೆಲಸ ಉಳ್ಳಾಲದ ಹಸನಬ್ಬರದು. ವಯಸ್ಸಿಗೆ ಮರ್ಯಾದೆ ಕೊಟ್ಟು ಎಲ್ಲರೂ ಅವರನ್ನು ಹಸನಾಕ ಎನ್ನುತ್ತಿದ್ದೆವು. ಮಾತು ಕಡಿಮೆ, ಠೀವಿ ಜಾಸ್ತಿ. ಅವರ ಕೋಣೆಗೆ ಮ್ಯಾನೇಜರ್ ಕೂಡ ಬಾಗಿಲು ಬಡಿದೇ ಬರಬೇಕು. ಚಾ ಕುಡಿಯುವಾಗ ಮಾತ್ರ ನನ್ನ ಸ್ಟೋರಿಗೆ ಬಂದು, ನಾನು ಪಿಸ್ತೂಲು ಹಿಡಿಯುವ ರೀತಿ ನೋಡಿದರೆ ಪಡವಲಕಾಯಿ ಹಿಡಿದ ಹಾಗೆ ಕಾಣುತ್ತದೆ ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ರೇಂಜಿನಿಂದ ಬಂದ ಸದ್ದು ಬೇರೆ ಥರ ಇತ್ತು. ನಾವು ಓಡಿ ಹೋದಾಗ ಟ್ಯುನೀಸಿಯಾದ ಕೋಚ್ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಅದು ಯಾರದೋ ಕೈ ಎಂಬಂತೆ ನೋಡುತ್ತಾ ನಿಂತಿದ್ದ. ಪಿಸ್ತೂಲು ಒಡೆದು ಹಿಡಿಯ ಚೂರು ಅಂಗೈಯೊಳಗೆ ಹೋಗಿತ್ತು. ಡಾಕ್ಟರು ಹೊಲಿಗೆ ಹಾಕಿದರು. ಹೆಬ್ಬೆರಳು ಮತ್ತೆ ಮಡಚಲಿಲ್ಲ. ಮಕ್ಕಳಿಗೆ ಪಿಸ್ತೂಲು ಹಿಡಿಯಲು ಕಲಿಸುತ್ತಿದ್ದವನಿಗೆ ಈಗ ಶರ್ಟಿನ ಗುಂಡಿ ಹಾಕಲು ಇನ್ನೊಬ್ಬರು ಬೇಕು. ಒಂದು ಕೊಳವೆಗೆ ಎರಡು ಸಲ ಮದ್ದು ಬಿದ್ದಿರಬಹುದು ಎಂದು ತಿಳಿದವರು ಹೇಳಿದರು. ಮ್ಯಾನೇಜರ್ ಈಜಿಪ್ಟಿನವನು, ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. ಪುಡಿಯೇ ಸರಿ ಇಲ್ಲ, ಇನ್ನೊಂದು ತರಿಸಿ, ಎರಡರಲ್ಲಿ ಒಳ್ಳೆಯದು ಆರಿಸಿ, ಖಲಾಸ್. ನನಗೂ ಒಳಗೊಳಗೆ ಸಮಾಧಾನವಾಯಿತು. ಪುಡಿಯ ಮೇಲೆ ತಪ್ಪು ಹೊರಿಸಿದರೆ ಅದು ಎದುರು ಮಾತಾಡುವುದಿಲ್ಲ.

ಪುಡಿ ಆರಿಸುವುದು ಎಂದರೆ ಮೆಣಸಿನ ಪುಡಿ ಆರಿಸಿದಂತೆ ಮೂಸಿ ನೋಡುವ ಕೆಲಸವಲ್ಲ. ನಾವು ಇಷ್ಟು ಕಾಲ ಬಳಸಿದ್ದು ಬಹಳ ಕಡಿಮೆ ಸಾಕಾಗುವ ಪುಡಿ. ಹೊಗೆಯಿಲ್ಲದೆ ಚೊಕ್ಕವಾಗಿ ಉರಿಯುತ್ತದೆ, ಅಳತೆಯ ಯಂತ್ರದಿಂದ ನೀರಿನಂತೆ ಇಳಿಯುತ್ತದೆ. ಆದರೆ ಕೊಳವೆಯ ತಳದಲ್ಲಿ ಎಲ್ಲೋ ಇರುತ್ತದೆ. ಎರಡು ಅಳತೆ ಬಿದ್ದರೂ ಮೇಲೆ ಜಾಗ ಉಳಿಯುತ್ತದೆ, ಗುಂಡು ಸುಮ್ಮನೆ ಕೂರುತ್ತದೆ. ಹೊಸದಾಗಿ ಬಂದದ್ದು ಅರಳಿನಂತೆ ಹಗುರ, ಉಬ್ಬಿಕೊಂಡ ಪುಡಿ. ಒಂದೇ ಅಳತೆಗೆ ಕೊಳವೆ ಮುಕ್ಕಾಲು ತುಂಬುತ್ತದೆ. ಎರಡನೆಯದು ಹಾಕಿದರೆ ಹೊರಗೆ ಚೆಲ್ಲಿ ತಾನೇ ಚಾಡಿ ಹೇಳುತ್ತದೆ. ನನಗೆ ಇದೇ ಹಿಡಿಸಿತು. ಚಾಡಿ ಹೇಳುವವರ ಬೆಲೆ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಹಸನಾಕ ಒಪ್ಪಲಿಲ್ಲ. "ಇದು ಯಂತ್ರದಲ್ಲಿ ಸಮ ಇಳಿಯುವುದಿಲ್ಲ ಶೆಟ್ರೆ. ನನ್ನ ಕೈಗೆ ಹಳೆಯದೇ ಆಗಬೇಕು."

"ಒಮ್ಮೆ ತುಂಬಿಸಿ ನೋಡುವ. ಆಮೇಲೆ ನೀವು ಹೇಳಿದ ಹಾಗೆ," ಎಂದೆ.

ಅವರು ಸ್ಟೂಲಿನಲ್ಲಿ ಕೂತು, ಕೊಳವೆಗಳನ್ನು ಹಲಗೆಯಲ್ಲಿ ಜೋಡಿಸಿ ತುಂಬಿಸತೊಡಗಿದರು. ನಾನು ಎದುರು ನಿಂತಿದ್ದೆ. ಮೊದಲ ಸಾಲು ಸರಿಯಾಗಿ ಬಂತು. ಎರಡನೆಯ ಸಾಲಿನ ನಡುವೆ ಅವರ ಕೈ ತುಂಬಿದ ಕೊಳವೆಯ ಮೇಲೇ ಮತ್ತೆ ಬಂದು ನಿಂತಿತು. ಪುಡಿ ಉಕ್ಕಿ ಹಲಗೆಯ ಮೇಲೆ ಹರಿಯಿತು. ನಾನು ನಿರೀಕ್ಷಿಸಿದ್ದೂ ಅದನ್ನೇ. ನಿರೀಕ್ಷಿಸದೇ ಇದ್ದದ್ದು ಏನೆಂದರೆ, ಹಸನಾಕ ನಿಲ್ಲಿಸಲೇ ಇಲ್ಲ. ಚೆಲ್ಲಿದ ಪುಡಿಯನ್ನು ನೇರ ನೋಡುತ್ತಲೇ ಮುಂದಿನದಕ್ಕೆ ಕೈ ಹಾಕಿದರು.

"ಹಸನಾಕ," ಎಂದೆ.

ಅವರು ಕೈ ತಡೆದರು. ಬೆರಳಿನಿಂದ ಹಲಗೆ ಸವರಿ, ಪುಡಿ ತಾಗಿದಾಗ ಬೆರಳನ್ನು ಅಲ್ಲೇ ಇಟ್ಟುಕೊಂಡರು.

"ಯಾವಾಗಿಂದ?" ಎಂದೆ.

"ಕಣ್ಣಿನ ನಡುವೆ ಒಂದು ಕಪ್ಪು ಉಂಟು. ಬದಿಯಿಂದ ಕಾಣ್ತದೆ, ನೇರ ನೋಡಿದರೆ ಇಲ್ಲ. ಆ ಕೋಚಿನ ಮುಖ ಸಹ ಬದಿಯಿಂದಲೇ ನೋಡಿದ್ದು ನಾನು, ಆಸ್ಪತ್ರೆಯಲ್ಲಿ."

"ಡಾಕ್ಟರಿಗೆ ತೋರಿಸಿದಿರಾ?"

"ತೋರಿಸಿದರೆ ರೋಗಕ್ಕೊಂದು ಹೆಸರು ಬೀಳ್ತದಲ್ಲ. ಹೆಸರು ಬಿದ್ದ ಮೇಲೆ ಈ ಕೋಣೆಯಲ್ಲಿ ಯಾರು ಕೂರಿಸ್ತಾರೆ?" ಆಮೇಲೆ, "ನೀವು ಹೇಳ್ತೀರಾ ಶೆಟ್ರೆ?" ಎಂದು ಕೇಳಿದರು.

ಸುಳ್ಳು ಹೇಳಲು ನನಗೆ ಬರುವುದಿಲ್ಲ ಎಂದೇನಲ್ಲ, ವಿಜಯಾಳನ್ನು ಕೇಳಿ. ಆದರೆ ಕೋಚಿನ ಕೈ ಕಣ್ಣೆದುರು ಬಂತು. "ನೀವು ಹೇಳದಿದ್ದರೆ ನಾನು ಹೇಳಬೇಕಾಗ್ತದೆ," ಎಂದೆ. ನನ್ನ ಗಂಟಲಿನಿಂದ ಬಂದದ್ದು ಪೊಲೀಸರ ಧ್ವನಿ ಆಗಿರಲಿಲ್ಲ, ಅಳುವವನದ್ದು.

ಅವರೇ ಹೋಗಿ ಹೇಳಿದರು. ಮ್ಯಾನೇಜರ್ ಕೂಗಾಡಲಿಲ್ಲ, ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಸನಾಕ ಊರಿಗೆ ಹೊರಡುವ ಮುಂಚೆ ಕೋಚಿನ ಮನೆಗೆ ಹೋದರು, ನನ್ನದೇ ಕಾರಿನಲ್ಲಿ. ಕೋಚ್ ಬಾಗಿಲು ತೆಗೆದ, ಕೇಳಿಸಿಕೊಂಡ, ಎಡಗೈ ಮುಂದೆ ಮಾಡಿದ. ಹಸನಾಕ ಅದನ್ನು ಹುಡುಕಿ ಹಿಡಿದರು. ಕ್ಷಮಿಸಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವನು ಒಳಗೆ ಕರೆಯಲಿಲ್ಲ. ವಿಮಾನ ನಿಲ್ದಾಣದಲ್ಲಿ ಅವರು ನನ್ನ ಭುಜ ತಟ್ಟಲು ಹೋಗಿ ಪಕ್ಕದ ಟ್ರಾಲಿಯನ್ನು ತಟ್ಟಿದರು. ಇಬ್ಬರೂ ನಕ್ಕೆವು. ಮನೆಗೆ ಬಂದ ಮೇಲೆ ಆ ನಗು ನೆನೆದು ನನಗೆ ಊಟ ಸೇರಲಿಲ್ಲ. ವಿಜಯಾ ಈ ಸಲ ಕೇಳದೆಯೇ ಎರಡು ಮೀನು ಬಡಿಸಿದ್ದಳು.

ಈಗ ಆ ಸ್ಟೂಲಿನಲ್ಲಿ ನಾನು ಕೂರುತ್ತೇನೆ. ಮದ್ದಿನ ವಿಷಯ ಬಲ್ಲವನು ಎಂದು ಮ್ಯಾನೇಜರಿಗೆ ನನ್ನ ಬಗ್ಗೆ ನಂಬಿಕೆ ಬಂದುಬಿಟ್ಟಿದೆ, ತರಬೇತಿಗೂ ಕಳಿಸಿದ. ಹಸನಾಕರಿಗೆ ಊರಿನಲ್ಲಿ ಆಪರೇಷನ್ ಆಯಿತು, ಒಂದು ಕಣ್ಣು ಅರ್ಧ ಉಳಿಯಿತು. ಶುಕ್ರವಾರ ನಮಾಜು ಮುಗಿಸಿ ಫೋನ್ ಮಾಡುತ್ತಾರೆ, ಪುಡಿ ಸಮ ಇಳಿಯುತ್ತದಾ ಎಂದು ವಿಚಾರಿಸುತ್ತಾರೆ. ಕಳೆದ ಸಲ, "ನಿಮ್ಮ ಕಣ್ಣು ತೋರಿಸಿದಿರಾ ಶೆಟ್ರೆ?" ಎಂದರು. ಅಕ್ಷರಗಳು ಕೆಲವು ದಿನಗಳಿಂದ ಸ್ವಲ್ಪ ಅಲುಗಾಡುತ್ತಿರುವುದು ನಿಜ. ನಾನು ಇಲ್ಲಿನ ಸೆಕೆಯ ಬಗ್ಗೆ ಮಾತು ತೆಗೆದೆ.